ಎರಡನೇ ಸಲ ಕೇಳುವವರೆಗೆ

ನನ್ನ ಸೋದರತ್ತೆಯ ಎಡ ಹುಬ್ಬಿನ ಮೇಲೊಂದು ಗಾಯದ ಗುರುತಿತ್ತು. ಮೈಸೂರಿನ ಕಾಲೇಜು ಮೈದಾನದಲ್ಲಿ ಹಾಕಿ ಆಡುವಾಗ ಬಿದ್ದ ಸ್ಟಿಕ್ಕಿನ ಏಟು. ಅದರಿಂದಾಗಿ ಆ ಹುಬ್ಬು ಇನ್ನೊಂದಕ್ಕಿಂತ ತುಸು ಮೇಲಕ್ಕೇ ನಿಂತುಬಿಟ್ಟಿತ್ತು. ಅತ್ತೆ ಸುಮ್ಮನೆ ಕೂತಿದ್ದರೂ ಎದುರಿನವರನ್ನು ‘ಹೌದಾ? ನಿಜವಾಗ್ಲೂ?’ ಎಂದು ಕೇಳುತ್ತಿರುವ ಹಾಗೆ ಕಾಣುತ್ತಿತ್ತು. ಗುರುತೇ ಉಳಿಯಲ್ಲಮ್ಮ ಎಂದು ಹೇಳಿ ಹೊಲಿಗೆ ಹಾಕಿದ್ದನಂತೆ ಡಾಕ್ಟರು. ಅವತ್ತಿನಿಂದ ಯಾರನ್ನೂ ನಂಬಿಲ್ಲ ಎಂದು ಅತ್ತೆ ಹೇಳಿಕೊಳ್ಳುತ್ತಿದ್ದರು. ಹೇಳಿಕೊಳ್ಳುವುದೇನು, ಜಂಬ ಕೊಚ್ಚಿಕೊಳ್ಳುತ್ತಿದ್ದರು.

ಎಂಬತ್ತರ ದಶಕದಲ್ಲಿ ಅಪ್ಪ ನನ್ನನ್ನು ಓದಲು ಅಮೆರಿಕದ ಫ್ರೀಮಾಂಟಿಗೆ, ಈ ಅತ್ತೆಯ ಮನೆಗೆ ಕಳಿಸಿದ. ಆಗ ಅಲ್ಲಿ ನಮ್ಮವರು ಬೆರಳೆಣಿಕೆಯಷ್ಟು ಮಂದಿ. ಗ್ರೋಸರಿ ಅಂಗಡಿಗೆ ಹೋದರೆ ಅತ್ತೆ ಹಾಲಿನ ಡಬ್ಬವನ್ನು ಎದುರಿನಿಂದ ಎತ್ತಿಕೊಂಡದ್ದೇ ಇಲ್ಲ. ಹಳೆಯದನ್ನು ಮುಂದೆ ಇಟ್ಟಿರುತ್ತಾರೆಂದು ಮೊಣಕೈವರೆಗೂ ಕೈ ತೂರಿಸಿ ಹಿಂದಿನದನ್ನು ಎಳೆಯುವರು. ಮೊಟ್ಟೆಯ ಪೆಟ್ಟಿಗೆ ತೆರೆದು ಒಂದೊಂದನ್ನೂ ತಿರುಗಿಸಿ ನೋಡುವರು, ಮನೆಯಲ್ಲಿ ಮೊಟ್ಟೆ ತಿನ್ನುತ್ತಿದ್ದದ್ದು ನಾನೊಬ್ಬಳೇ ಆದರೂ. ಫ್ರೀ ಎಂದು ಎಲ್ಲಾದರೂ ಬರೆದಿದ್ದರಂತೂ ಮುಗಿಯಿತು. "ಇದರಲ್ಲಿ ಏನೋ ಇದೆ ಕಣೇ, ಬಾ ಈ ಕಡೆ" ಎಂದು ನನ್ನ ರಟ್ಟೆ ಹಿಡಿದು ಎಳೆಯುತ್ತಿದ್ದರು. ಮಾವ ಶಾಂತ ಸ್ವಭಾವದ ಇಂಜಿನಿಯರು. "ನಿಮ್ಮತ್ತೆ ಮದುವೆ ದಿನ ನನ್ನ ಹೆಸರು ನಿಜಾನಾ ಅಂತ ನನ್ನ ತಮ್ಮನ್ನ ಕೇಳಿ ಕನ್‌ಫರ್ಮ್ ಮಾಡ್ಕೊಂಡ್ಳು" ಎಂದು ನಗುತ್ತಿದ್ದರು. ಅತ್ತೆ ಅಲ್ಲವೆನ್ನುತ್ತಿರಲಿಲ್ಲ.

ಇಂಥ ಅತ್ತೆ ಇಡೀ ಲೋಕದಲ್ಲಿ ನಂಬಿದ್ದು ಹಾಕಿಯನ್ನು. ಮದುವೆಯಾದ ಮೇಲೆ ಸ್ಟಿಕ್ಕು ಮುಟ್ಟಿರಲಿಲ್ಲ. ಅಮೆರಿಕಕ್ಕೆ ಬಂದು ನೋಡಿದರೆ ನಮ್ಮ ಹಾಕಿ ಅಲ್ಲಿ ಹುಡುಗಿಯರ ಆಟ! ಕೊಲ್ಲಿಯ ದಡದ ಬೆಟ್ಟದ ಮೇಲಿನ ಒಂದು ಚಿಕ್ಕ ಕಾಲೇಜಿನಲ್ಲಿ ಹುಡುಗಿಯರ ತಂಡವಿದೆ ಎಂದು ಗೊತ್ತಾಗಿದ್ದೇ ತಡ, ಸೀರೆ ಎತ್ತಿ ಕಟ್ಟಿ, ಕಾಲಿಗೆ ಸ್ನೀಕರ್ಸು ಹಾಕಿಕೊಂಡು ಸಹಾಯಕ್ಕೆ ನಿಂತರು. ಹಳೆಯ ಕೋಚು ಬೇರೆ ಊರಿಗೆ ಹೋದ ಮೇಲೆ ಇವರೇ ಕೋಚ್ ಆದರು. ನಾನು ಸೇರಿದ್ದೂ ಅದೇ ಕಾಲೇಜಿಗೆ, ಅದೇ ತಂಡಕ್ಕೆ. ಮೈದಾನದಲ್ಲಿ ಅವರು ನನ್ನ ಅತ್ತೆಯಲ್ಲ. "ಪಾಸ್ ಕೊಡ್ತಾಳೆ ಅಂತ ಯಾಕೆ ನಂಬ್ದೆ? ನೀನೇ ಓಡಿ ಹೋಗಿ ತಗೋಬೇಕು!" ಎಂದು ಎಲ್ಲರೆದುರು ಕನ್ನಡದಲ್ಲೇ ಬೈಯುತ್ತಿದ್ದರು. ಮನೆಗೆ ಬಂದು ಬಿಸಿ ಅನ್ನಕ್ಕೆ ತುಪ್ಪ ಹಾಕುತ್ತಿದ್ದರು.

ಅಮೆರಿಕದ ಕಾಲೇಜುಗಳು ಆಟಕ್ಕಾಗಿ ಗುಂಪು ಕಟ್ಟಿಕೊಳ್ಳುತ್ತವೆ, ಅದಕ್ಕೆ ಕಾನ್ಫರೆನ್ಸು ಎನ್ನುತ್ತಾರೆ. ಸೀಸನ್ನು ಪೂರ್ತಿ ಆಡುವುದು ಹೆಚ್ಚಾಗಿ ಆ ಗುಂಪಿನವರ ಜೊತೆಗೇ. ಗುಂಪು ಬದಲಾದರೆ ಎದುರಾಳಿಗಳೇ ಬದಲಾಗುತ್ತಾರೆ. ಹೊಸ ಗುಂಪಿನಲ್ಲಿ ನಿಮ್ಮ ಆಟ ಆಡುವವರೇ ಇಲ್ಲವೆಂದರೆ ಸ್ಟಿಕ್ಕು ಹಿಡಿದು ಗೋಡೆಗೆ ಹೊಡೆಯುತ್ತ ಕೂರಬೇಕು. ಆ ವರ್ಷಗಳಲ್ಲಿ ಎಲ್ಲ ಕಡೆ ಇದೇ ಗುಲ್ಲು. ಇವರು ಆ ಗುಂಪು ಬಿಟ್ಟರಂತೆ, ಅವರು ಈ ಗುಂಪಿಗೆ ಹಾರಿದರಂತೆ. ಎಲ್ಲರಿಗೂ ದೊಡ್ಡ ಗುಂಪು ಬೇಕು, ಟಿವಿಯಲ್ಲಿ ಕಾಣುವ ಫುಟ್‌ಬಾಲು ಬೇಕು.

ಒಂದು ಮಧ್ಯಾಹ್ನ ನಮ್ಮ ಪ್ರಾಕ್ಟೀಸಿನ ನಡುವೆ ಕಾಲೇಜಿನ ಕ್ರೀಡಾ ಡೈರೆಕ್ಟರು ಎರಡು ಪೇಪರ್ ಕಪ್ಪಿನಲ್ಲಿ ಕಾಫಿ ಹಿಡಿದು ಮೈದಾನಕ್ಕೆ ಬಂದ. ಅಲ್ಲಿಯವರೆಗೆ ಅತ್ತೆಯನ್ನು ಕಣ್ಣೆತ್ತಿ ನೋಡದ ಪುಣ್ಯಾತ್ಮ! ಕಪ್ಪು ಮುಂದೆ ಚಾಚಿದ. ಅತ್ತೆ ನಮ್ಮ ರೂಢಿಯಂತೆ "ನೋ ನೋ, ಈಗಷ್ಟೇ ಆಯ್ತು" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವನು ಸರಿ ಎಂದು ಎರಡನ್ನೂ ತಾನೇ ಕುಡಿದ. ಕುಡಿಯುತ್ತ, ನಮ್ಮ ಕಾಲೇಜು ಮುಂದಿನ ವರ್ಷ ದೊಡ್ಡ ಕಾನ್ಫರೆನ್ಸಿಗೆ ಸೇರುತ್ತಿದೆ, ನಿಮಗೆ ಏನೇನೂ ವ್ಯತ್ಯಾಸವಾಗುವುದಿಲ್ಲ ಎಂದ. ಆ ಗುಂಪಿನಲ್ಲಿ ಹುಡುಗಿಯರ ಹಾಕಿ ಇದೆಯೇ ಎಂದು ಅತ್ತೆ ಕೇಳಿದರೆ, ವಿವರವೆಲ್ಲ ಆಮೇಲೆ ಎಂದು ಬೆನ್ನು ತಟ್ಟಿ ಹೋದ.

ಅತ್ತೆಯ ಕಿವಿ ನೆಟ್ಟಗಾಯಿತು. "ನೋಡ್ದೇನೇ? ಒಂದೇ ಸಲ ಕೇಳ್ದ. ಕಾಫಿ ಮನಸ್ಸಿಂದ ತಂದಿದ್ದಲ್ಲ. ಇವನು ಏನೋ ಕಿತ್ಕೊಳ್ಳೋಕೆ ಬಂದಿದಾನೆ."

ಅವರ ಲೆಕ್ಕಾಚಾರ ಹಾಗೆ. ನಮ್ಮ ಕಡೆ ಯಾರ ಮನೆಗೆ ಹೋದರೂ ಕಾಫಿ ಎಂದ ಕೂಡಲೇ ಬೇಡವೆನ್ನಬೇಕು, ಅವರು ಅಯ್ಯೋ ಒಂದು ಲೋಟ ಎನ್ನಬೇಕು, ಆಮೇಲೆ ಅರ್ಧ ಸಾಕು ಎಂದು ಪೂರ್ತಿ ಕುಡಿಯಬೇಕು. ಉಳಿದವರಿಗೆ ಅದು ಬರಿಯ ಉಪಚಾರ, ಅತ್ತೆಗೆ ಅದು ಪರೀಕ್ಷೆ. ಬೇಡವೆಂದ ಮೇಲೂ ಇನ್ನೊಂದು ಸಲ ಕೇಳಿದವರು ಮಾತ್ರ ಮನಸ್ಸಿನಿಂದ ಕೇಳಿದವರು. ಈ ಪರೀಕ್ಷೆಯಲ್ಲಿ ಅಮೆರಿಕ ದೇಶಕ್ಕೆ ದೇಶವೇ ಫೇಲಾಗಿತ್ತು.

ಮುಂದಿನ ಶನಿವಾರ ನನ್ನನ್ನು ಸ್ಟೇಷನ್ ವ್ಯಾಗನ್ನಿನಲ್ಲಿ ಕೂರಿಸಿಕೊಂಡು ಹೊಸ ಗುಂಪಿನ ಕಾಲೇಜುಗಳನ್ನು ಹುಡುಕಿಕೊಂಡು ಹೊರಟರು. ಯಾರನ್ನೂ ಕೇಳಲಿಲ್ಲ, ಕೇಳಿದರೆ ಸುಳ್ಳು ಹೇಳುತ್ತಾರಲ್ಲ! ಬೇಲಿಯಾಚೆಯಿಂದ ಗೋಲು ಕಂಬ ನೋಡುವುದು. ಹಾಕಿಯ ಗೋಲು ಚಿಕ್ಕದು, ಸಾಕರಿನದು ದೊಡ್ಡದು, ದೂರದಿಂದಲೇ ತಿಳಿಯುತ್ತದೆ. ಸೀರೆಯುಟ್ಟ ಹೆಂಗಸೊಬ್ಬಳು ಬೇಲಿಗೆ ಮೂಗು ಒತ್ತಿ ನಿಂತದ್ದನ್ನು ಕಂಡು ಕಾವಲಿನವನು ಬಂದು ವಿಚಾರಿಸಿದ. ನನಗೆ ನಾಚಿಕೆಯಿಂದ ಸೀಟಿನಡಿ ತೂರಿಕೊಳ್ಳುವ ಹಾಗಾಯಿತು. "ಅತ್ತೆ, ಪ್ಲೀಸ್, ಎಲ್ಲಾದಕ್ಕೂ ಅನುಮಾನ ಪಡೋದು ಬಿಡಿ, ಹುಚ್ಚು ಹಿಡಿದೋರ ಥರ ಕಾಣುತ್ತೆ" ಎಂದು ಸಿಡುಕಿದೆ. ಅತ್ತೆ ಬೆರಳು ತೋರಿಸಿದರು. ಶೆಡ್ಡಿನ ಹಿಂದೆ ಹಾಕಿಯ ಎರಡು ಗೋಲು ಮಗುಚಿ ಬಿದ್ದಿದ್ದವು, ತುಕ್ಕು ಹಿಡಿದು, ಮೇಲೆ ಬಳ್ಳಿ ಹಬ್ಬಿಕೊಂಡು.

ಅವರ ಅನುಮಾನವೇ ನಿಜವಾಯಿತು. ಹೊಸ ಗುಂಪಿನಲ್ಲಿ ಹಾಕಿ ಇರಲಿಲ್ಲ. ಆ ಸೀಸನ್ನು ಮುಗಿದರೆ ನಮ್ಮ ತಂಡವೂ ಮುಗಿಯಿತು. ಹವ್ಯಾಸಕ್ಕೆ ಬೇಕಾದರೆ ಸಂಜೆ ಆಡಿಕೊಳ್ಳಿ ಎಂದ ಡೈರೆಕ್ಟರು. ಅತ್ತೆ ಆ ದಿನ ಊಟ ಬಿಟ್ಟರು. ಮಾವ ಕರೆದರೂ ಏಳಲಿಲ್ಲ. ಆ ದೇಶದಲ್ಲಿ ನನ್ನದು ಎನ್ನುವಂಥದ್ದು ಇದ್ದದ್ದು ಆ ತಂಡವೊಂದೇ, ಅತ್ತೆಗೂ ಅದೊಂದೇ.

ಒಂದು ದಾರಿ ಮಾತ್ರ ಉಳಿದಿತ್ತು. ಹೀಗೆ ಗುಂಪು ಬದಲಾವಣೆಯಲ್ಲಿ ಬೀದಿಗೆ ಬಿದ್ದ ಹಾಕಿ ತಂಡಗಳೆಲ್ಲ ಸೇರಿ ತಮ್ಮದೇ ಗುಂಪು ಕಟ್ಟಲು ಬರ್ಕ್ಲಿಯಲ್ಲಿ ಸಭೆ ಕರೆದಿದ್ದವು. ಅಲ್ಲಿ ಜಾಗ ಸಿಕ್ಕರೆ ತಂಡ ಉಳಿಸಿಕೊಳ್ಳುತ್ತೇನೆ ಎಂದು ಡೈರೆಕ್ಟರು ಒಪ್ಪಿದ, ಆದರೆ ತಾನು ಬರಲಿಲ್ಲ, ಬೇರೆ ಕೆಲಸವಿದೆ ಎಂದ. ಅತ್ತೆಯನ್ನು ಮಾತ್ರ ಕಳಿಸಿದ್ದು ಸುಮ್ಮನೆ ಅಲ್ಲವೆಂದು ನನಗೆ ಈಗಲೂ ಗುಮಾನಿ. ಜೊತೆಗೆ ನಾನು ಹೋದೆ.

ಉದ್ದನೆಯ ಮೇಜು, ಸುತ್ತ ಕೋಚುಗಳು. ಅಧ್ಯಕ್ಷ ಸ್ಥಾನದಲ್ಲಿ ಬೆಳ್ಳಿ ಕೂದಲಿನ ಹಿರಿಯ ಹೆಂಗಸು. ಪ್ರತಿ ವಾರ ಎಲ್ಲ ತಂಡಕ್ಕೂ ಜೋಡಿ ಸಿಗಬೇಕಾದರೆ ಸಮಸಂಖ್ಯೆ ಇರಬೇಕು, ಆದ್ದರಿಂದ ಇನ್ನು ಒಂದೇ ತಂಡಕ್ಕೆ ಜಾಗ. ಕೇಳಿ ಬಂದವರು ಇಬ್ಬರು, ನಾವು ಮತ್ತು ಕೊಲ್ಲಿಯ ಸೇತುವೆಯಾಚೆಯ ಒಂದು ಕಾಲೇಜು. ಆ ಕಾಲೇಜಿನ ಕೋಚು ಮೋಟು ಕೂದಲಿನ, ಕುತ್ತಿಗೆಗೆ ಶಿಳ್ಳೆ ನೇತುಹಾಕಿಕೊಂಡೇ ಸಭೆಗೆ ಬಂದಿದ್ದ ಹೆಂಗಸು. ಅಧ್ಯಕ್ಷೆ ಮೊದಲು ಅತ್ತೆಯ ಕಡೆ ತಿರುಗಿ, ಈ ಜಾಗ ನಿಮಗೆ ಬೇಕೇ ಎಂದು ಮೆಲುದನಿಯಲ್ಲಿ ಕೇಳಿದಳು.

ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು ನಕ್ಕರು. "ನೋ ನೋ, ಪ್ಲೀಸ್, ಅವರಿಗೆ ಮೊದಲು ಕೊಡಿ" ಎಂದರು.

ಹೇಳಿ, ನೆಟ್ಟಗೆ ಕೂತು ಕಾದರು. ದೇವರಾಣೆ ಹೇಳುತ್ತೇನೆ, ನಾನೂ ಕಾದೆ. ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಈಗ ಇನ್ನೊಂದು ಸಲ ಕೇಳುತ್ತಾಳೆ, ಈಗ ಅತ್ತೆ ಆಯಿತು ಎನ್ನುತ್ತಾರೆ ಎಂದುಕೊಂಡು ಮುಗುಳುನಗೆ ಕೂಡ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅಧ್ಯಕ್ಷೆಯ ಕಣ್ಣು ತುಂಬಿ ಬಂತು. ಎಂಥ ದೊಡ್ಡ ಮನಸ್ಸು ಎಂದಳು. ಇಡೀ ಕೋಣೆ ಚಪ್ಪಾಳೆ ತಟ್ಟಿತು. ಮೋಟು ಕೂದಲಿನ ಕೋಚು ಎದ್ದು ಬಂದು ಅತ್ತೆಯನ್ನು ತಬ್ಬಿಕೊಂಡಳು. ಏನು ಮಾಡಬೇಕೆಂದು ತೋಚದೆ ಅತ್ತೆಯೂ ಚಪ್ಪಾಳೆ ತಟ್ಟಿದರು.

ಕಾರು ಫ್ರೀವೇ ಹತ್ತಿತು. ಅತ್ತೆ, "ಇನ್ನೊಂದ್ಸಲ ಕೇಳ್ಬೇಡ್ವೇನೇ?" ಎಂದರು.

"ಅವರು ಹಾಗೆಲ್ಲ ಕೇಳಲ್ಲ ಅತ್ತೆ."

"ಗೊತ್ತು ಕಣೇ. ಇಷ್ಟು ವರ್ಷದಿಂದ ಇದೀನಿ, ನಂಗೆ ಗೊತ್ತಿಲ್ವಾ? ಆಯಮ್ಮನ್ನ ನೋಡಿದ್ರೆ ನಮ್ಮ ಹೆಡ್‌ಮಿಸ್ ನೋಡಿದ ಹಾಗಾಯ್ತು. ಬೇಡ ಅಂತ ಬಾಯಿಗೆ ಬಂದೇ ಬಿಡ್ತು." ಅತ್ತೆ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಫೋನ್ ಮಾಡಿ ಹೇಳಿಬಿಡು, ಅದರಲ್ಲೇನಿದೆ ಎಂದರು ಮಾವ. ಅತ್ತೆ ಅವರ ಮೇಲೆ ಹರಿಹಾಯ್ದರು. "ಚಪ್ಪಾಳೆ ತಟ್ಬಿಟ್ರಲ್ರೀ! ಅಷ್ಟು ಜನರ ಕೈಲಿ ಚಪ್ಪಾಳೆ ತಟ್ಟಿಸ್ಕೊಂಡು ಆಮೇಲೆ ಯಾವ ಮುಖ ಇಟ್ಕೊಂಡು ಕೇಳ್ಲಿ? ನಾನು ಯಾರ ಹತ್ರಾನೂ ಕೈ ಚಾಚಿದೋಳಲ್ಲ." ಅದು ನಿಜ. ಅನುಮಾನದ ಮನುಷ್ಯರು ಯಾರನ್ನೂ ಏನನ್ನೂ ಕೇಳುವುದಿಲ್ಲ. ಪಕ್ಕದ ಮನೆಯಿಂದ ಒಂದು ನಿಂಬೆಹಣ್ಣು ತಂದವರಲ್ಲ ಅತ್ತೆ.

ನಮ್ಮ ತಂಡದ ಕೊನೆಯ ಪಂದ್ಯ ಬಿದ್ದದ್ದು ಸೇತುವೆಯಾಚೆಯ ಅದೇ ಕಾಲೇಜಿನ ಮೈದಾನದಲ್ಲಿ. ಒಂದು ಗೋಲಿನಿಂದ ಸೋತೆವು. ಹುಡುಗಿಯರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ಮೋಟು ಕೂದಲಿನ ಕೋಚು ಅತ್ತೆಗೆ ಮತ್ತೆ ಥ್ಯಾಂಕ್ಸ್ ಹೇಳಲು ಬಂದಳು. ಅತ್ತೆ ನನ್ನ ಕಡೆ ತಿರುಗಿ, "ಕಾರಲ್ಲಿ ನನ್ನ ಸ್ವೆಟರ್ ಇದೆ, ತಗೊಂಡ್ಬಾ ಹೋಗು" ಎಂದರು.

ಸ್ವೆಟರು ಅವರ ಮೈಮೇಲೇ ಇತ್ತು. ಹಾಗೆಂದು ಬಾಯಿ ತೆರೆದರೆ ಕಣ್ಣು ಬಿಟ್ಟರು. ಸರಿ, ಪಾರ್ಕಿಂಗಿನವರೆಗೆ ನಡೆದು ಬರಿಗೈಯಲ್ಲಿ ಮರಳಿದೆ. ಅಷ್ಟರಲ್ಲಿ ಮಾತು ಮುಗಿದಿತ್ತು. ಮುಂದಿನ ವರ್ಷ ನಮ್ಮ ಕಾಲೇಜಿಗೆ ಬಂದುಬಿಡು, ತಂಡದಲ್ಲಿ ನಿನಗೊಂದು ಜಾಗ ಇದೆ ಎಂದಳು ಆ ಕೋಚು. ನಾನು ಅತ್ತೆಯ ಮುಖ ನೋಡಿದೆ. ಅವರು ಮೈದಾನ ನೋಡುತ್ತಿದ್ದರು.

"ಅವಳೇ ಕೇಳಿದ್ಳು. ನಾನು ಹೂಂ ಅಂದೆ, ಅಷ್ಟೆ."

ನಾನು ನಂಬಲಿಲ್ಲ. ಮೊಟ್ಟೆಯನ್ನೇ ತಿರುಗಿಸಿ ನೋಡುವ ಹೆಂಗಸು ಅಣ್ಣನ ಮಗಳನ್ನು ಗುರುತಿಲ್ಲದವಳ ಕೈಗೆ ಕೊಡಲು ಕೇಳಿದ ಕೂಡಲೇ ಹೂಂ ಎನ್ನುವುದುಂಟೇ? ಕಾರಿನಲ್ಲಿ ಕೆದಕಿದೆ. "ಬಾಯ್ಮುಚ್ಕೊಂಡು ಕೂತ್ಕೋ, ಬ್ರಿಡ್ಜ್ ಮೇಲೆ ಗಾಳಿ ಜಾಸ್ತಿ" ಎಂದರು.

ನಾನು ಆ ಕಾಲೇಜಿಗೆ ಹೋದೆ. ಪದವಿ ಮುಗಿಯುವವರೆಗೂ ಆಡಿದೆ. ಇವತ್ತು ಶಾಲೆಯ ಹುಡುಗಿಯರಿಗೆ ಹಾಕಿ ಕಲಿಸಿ ಹೊಟ್ಟೆ ಹೊರೆಯುತ್ತಿರುವುದು ಆ ಜಾಗದಿಂದಲೇ. ಅತ್ತೆ ಮಾತ್ರ ಮತ್ತೆ ಯಾವ ತಂಡಕ್ಕೂ ಕೋಚ್ ಆಗಲಿಲ್ಲ, ಯಾರೂ ಕರೆಯಲಿಲ್ಲ. ನನ್ನ ಪಂದ್ಯವಿದ್ದ ದಿನ ಸೇತುವೆ ದಾಟಿ ಬಂದು ಬೇಲಿಯಾಚೆ ನಿಲ್ಲುತ್ತಿದ್ದರು. ಒಳಗೆ ಬಂದು ಬೆಂಚಿನಲ್ಲಿ ಕೂರಿ ಎಂದು ಕೋಚು ಕರೆದರೆ ಬೇಡವೆನ್ನುತ್ತಿದ್ದರು. ವರ್ಷಗಳು ಕಳೆದಂತೆ ನಾನು ಎಷ್ಟೋ ಸಲ ಕೇಳಿದೆ, ಅವತ್ತು ನನ್ನನ್ನು ಕಾರಿಗೆ ಯಾಕೆ ಅಟ್ಟಿದಿರಿ ಎಂದು. ಬೇಳೆ ಬೆಂದಿದೆಯಾ ನೋಡು ಎನ್ನುವರು, ಫೋನ್ ಬಂತು ಎನ್ನುವರು. ಈ ವಿಷಯದಲ್ಲಿ ಅವರ ಅನುಮಾನದ ರೋಗ ನನಗೂ ಅಂಟಿಕೊಂಡಿತು.

ಅತ್ತೆ ಹೋದದ್ದು ಮಾವ ಹೋದ ಮರುವರ್ಷ. ಆಸ್ಪತ್ರೆಯಲ್ಲಿ ನರ್ಸು ಕೊಟ್ಟ ಮಾತ್ರೆಯ ಬಣ್ಣ ನಿನ್ನೆಯದಲ್ಲ ಎಂದು ಕೊನೆಯವರೆಗೂ ತಕರಾರು ತೆಗೆದರು. ಅಂತ್ಯಕ್ರಿಯೆಗೆ ಆ ಕೋಚು ಬಂದಿದ್ದಳು. ಈಗ ಪೂರ್ತಿ ಬೆಳ್ಳಗಾದ ಮೋಟು ಕೂದಲು, ಕೈಯಲ್ಲಿ ಕೋಲು. ಹೊರಗೆ ಬೆಂಚಿನ ಮೇಲೆ ಕೂರಿಸಿ ಕೇಳಿಯೇಬಿಟ್ಟೆ, ಅವತ್ತು ನನ್ನನ್ನೇ ಯಾಕೆ ಕರೆದಿರಿ ಎಂದು.

ಅವಳು ಅಚ್ಚರಿಯಿಂದ ನನ್ನನ್ನು ನೋಡಿದಳು. "ನಾನಾಗಿ ಎಲ್ಲಿ ಕರೆದೆ? ನಿನ್ನನ್ನು ಸೇರಿಸಿಕೊಳ್ಳುತ್ತೀಯಾ ಎಂದು ಆಕೆಯೇ ಕೇಳಿದಳು. ತಂಡ ತುಂಬಿದೆ, ಜಾಗವಿಲ್ಲ ಎಂದೆ."

"ಮತ್ತೆ?"

"ಹೋಗಲಿಲ್ಲ. ಅಲ್ಲೇ ನೆಲ ನೋಡಿಕೊಂಡು ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ತಲೆಯೆತ್ತಿ ಇನ್ನೊಂದು ಸಲ ಕೇಳಿದಳು."

ಒಳಗೆ ಅತ್ತೆಯ ಸುತ್ತ ಹೂವಿಟ್ಟು ಜನ ಕಾಯುತ್ತಿದ್ದರು. ನಾನು ಆ ಬೆಂಚಿನ ಮೇಲೆಯೇ, ಆ ಮುದುಕಿಯ ಹೆಗಲಿಗೆ ತಲೆಯಿಟ್ಟು ಗೊಳೋ ಎಂದು ಅತ್ತುಬಿಟ್ಟೆ.