ಫೋನ್ ಎತ್ತಬೇಡಿ!

ನಮ್ಮ ಫಾರೆಸ್ಟ್ ಲೇಕ್ ಬಡಾವಣೆಯ ಯಾವ ಬಾರ್ಬೆಕ್ಯೂ ಊಟಕ್ಕೆ ಬಂದರೂ ಬಾಲಸುಬ್ರಹ್ಮಣ್ಯ ಅಂಕಲ್ ಮೊದಲು ಹುಡುಕುವುದು ತಟ್ಟೆಯನ್ನಲ್ಲ, ಲ್ಯಾಪ್‌ಟಾಪ್ ಇರುವವರನ್ನು. "ನನ್ನ ಟರ್ಮಿನಲ್ ಸಾಫ್ಟ್‌ವೇರ್ ಹಾಕ್ಕೊಂಡ್ಬಿಡಿ, ಆಗೆಲ್ಲ ಒಂದೇ ಫ್ಲಾಪೀಲಿ ಊರಿಗೆಲ್ಲ ಹಂಚ್ತಿದ್ದೆ," ಎಂದು ಪೆನ್‌ಡ್ರೈವನ್ನು ಪ್ರಸಾದದಂತೆ ಮುಂದೆ ಹಿಡಿಯುತ್ತಾರೆ. ಮಗಳ ಮದುವೆಯ ಫೋಟೊ ಕೇಳಿದರೆ ವಾಟ್ಸಾಪ್ ಮಾಡುವುದಿಲ್ಲ. ನಾವೇ ಅವರ ಗ್ಯಾರೇಜಿನ ಮುದಿ ಕಂಪ್ಯೂಟರಿಗೆ ಕನೆಕ್ಟ್ ಆಗಿ, ಕಪ್ಪು ಪರದೆಯಲ್ಲಿ ಕಮಾಂಡ್ ಕುಟ್ಟಿ ಇಳಿಸಿಕೊಳ್ಳಬೇಕು. ಫೈಲ್ ಅರ್ಧ ಇಳಿಯುವಷ್ಟರಲ್ಲಿ ನನ್ನ ತಾಳ್ಮೆ ಪೂರ್ತಿ ಫೇಲ್. ಅವರ ಮನೆಯಲ್ಲಿ ಫೈಲ್ ಹೋಗುತ್ತಿರುವಾಗ ಯಾರು ಅಲುಗಾಡಿದರೂ, "ಫೋನ್ ಎತ್ತಬೇಡಿ, ಲೈನ್ ಕಟ್ಟಾಗುತ್ತೆ!" ಎಂಬ, ಇಂಟರ್ನೆಟ್ಟೂ ಫೋನಿನ ತಂತಿಯಲ್ಲೇ ಬರುತ್ತಿದ್ದ ಮೋಡೆಮ್ ಕಾಲದ ಕೂಗು. "ಲ್ಯಾಂಡ್‌ಲೈನೇ ಇಲ್ವಲ್ರೀ ನಮ್ಮನೇಲಿ," ಎಂದು ಗೌರಿ ಆಂಟಿ ಅಡುಗೆಮನೆಯಿಂದ. ಮೊನ್ನೆ ಭಾನುವಾರ ರೇಗಿಹೋಗಿ, "ಆ ಡಬ್ಬ ಎಸೀರಿ ಅಂಕಲ್!" ಎನ್ನಲು ಗ್ಯಾರೇಜಿಗೇ ನುಗ್ಗಿದೆ. ಅವರು ತುಟಿಗೆ ಬೆರಳಿಟ್ಟು ಕುರ್ಚಿ ತೋರಿಸಿದರು. ಪರದೆಯ ಆ ಕಡೆ ಪರ್ತ್‌ನ ಹಳೆಯ ಗೆಳೆಯ ರಘುನಾಥ. ಗಣಿಯಲ್ಲಿ ಜಿಯಾಲಜಿಸ್ಟ್ ಆಗಿದ್ದವರು, ಪಾರ್ಶ್ವವಾಯು ಬಡಿದ ಮೇಲೆ ಮಾತು ಹೋಗಿ, ಎಡಗೈಯ ಒಂದೇ ಬೆರಳಲ್ಲಿ ಟೈಪ್ ಮಾಡುತ್ತಾರೆ. "ವಾಟ್ಸಾಪಲ್ಲಿ ಪೂರ್ತಿ ಬರೆದು ಕಳ್ಸೋವರೆಗೂ ನಮಗೇನೂ ಕಾಣಲ್ಲ. ಅಷ್ಟರಲ್ಲಿ ಬೇಜಾರಾಗಿ ಅಳಿಸಿಬಿಡ್ತಾನೆ. ಇಲ್ಲಿ ಅವನು ಒತ್ತಿದ ಒಂದೊಂದಕ್ಷರಾನೂ ಬರುತ್ತೆ, ನಾನು ಕಾಯ್ತಿರೋದು ಅವನಿಗೆ ಗೊತ್ತು," ಎಂದರು. ಒಂದಕ್ಷರ ಬಂತು, ಅಳಿಸಿಹೋಯಿತು, ಮತ್ತೆ ಬಂತು. 'ಕಾಫಿ ಆಯ್ತಾ' ಎಂಬಲ್ಲಿಗೆ ಮುಟ್ಟಲು ಮದುವೆಯ ಫೋಟೊಗಿಂತ ಹೆಚ್ಚು ಹೊತ್ತು ಹಿಡಿಯಿತು. ನಡುವೆ ನನ್ನ ಜೇಬಿನಲ್ಲಿ ಮೊಬೈಲ್ ರಿಂಗಾಯಿತು. ನಾನು ಎತ್ತಲಿಲ್ಲ.