ಕೂಗುವ ಟೈರು

ಪೀಣ್ಯ ಎರಡನೇ ಹಂತದಲ್ಲಿರುವ ರಾಮಾಂಜಿನಪ್ಪನ ಟೈರ್ ಅಂಗಡಿಗೆ ಲೋಕೇಶ್ ಒಬ್ಬನೇ ಹೋದದ್ದು ಅದೇ ಮೊದಲು. ಅಲ್ಲಿಗೆ ಹೋಗುವಾಗಲೆಲ್ಲ ಮುಂದೆ ಪಂಚಾಕ್ಷರಿ ಇರುತ್ತಿದ್ದ. ಹಿಂದೆ ನಿಂತು ಟೀ ಕುಡಿಯುತ್ತ, ನಡುನಡುವೆ ಕಿಚಾಯಿಸುವುದಷ್ಟೇ ಲೋಕೇಶನ ಪಾಲಿನ ಕೆಲಸ. ರಬ್ಬರನ್ನು ಉಗುರಿನಿಂದ ಒತ್ತುವುದು, ಕಲ್ಲಂಗಡಿ ಹಣ್ಣಿಗೆ ತಟ್ಟುವ ಹಾಗೆ ತಟ್ಟುವುದು, ಕೆಳಗಿದ್ದದ್ದನ್ನೆಲ್ಲ ಬಿಟ್ಟು ಅಟ್ಟದ ಮೇಲಿದ್ದದ್ದನ್ನೇ ಇಳಿಸಿ ಎನ್ನುವುದು, ಇದೆಲ್ಲ ಪಂಚಾಕ್ಷರಿಯದು.

"ಬನ್ನಿ ಸಾರ್. ಎಲ್ಲಿ ನಿಮ್ಮ ಜೊತೆಗಾರ್ರು? ಗಾಡಿ ನಿಲ್ಲಿಸ್ತಾವ್ರಾ?" ಎಂದು ರಾಮಾಂಜಿನಪ್ಪ ರಸ್ತೆಯ ಕಡೆ ಕತ್ತು ಚಾಚಿದ.

ಲೋಕೇಶ್ ಹೇಳಬೇಕಾಯಿತು. ಹೇಳಿದ. ರಾಮಾಂಜಿನಪ್ಪ ಕೈಯಲ್ಲಿದ್ದ ಲಿವರನ್ನು ಕೆಳಗಿಟ್ಟು, ಲೊಚಗುಟ್ಟಿ, ಸ್ಟೂಲಿನ ಮೇಲೆ ಕುಳಿತ. "ದೀಪಾವಳಿಗೆ ಮುಂಚೇನಾ? ನಂಗೊಂದು ಮಾತು ಗೊತ್ತಾಗ್ಲಿಲ್ವಲ್ಲ ಸಾರ್" ಎಂದು ಎರಡು ಸಲ ಹೇಳಿದ. ಆಮೇಲೆ, ವ್ಯಾಪಾರಸ್ಥನಲ್ಲವೆ, ಕೇಳಿದ: "ಟೈರ್ ಯಾವ ಗಾಡಿಗೆ?"

"ಅವನ ಎಸ್ಟೀಮ್‌ಗೇ. ಟ್ರ್ಯಾಕಿಗೆ ಹೋಗ್ಬೇಕು."

"ನೀವು ಓಡಿಸ್ತೀರಾ?"

"ಇಲ್ಲ. ಅತ್ತಿಗೆ ಓಡಿಸ್ತಾರೆ."

"ಅಯ್ಯೋ ನಮ್ಮಪ್ಪನೆ!"

"ಅದಕ್ಕೇ ಕೇಳ್ತಾ ಇರೋದು. ನಿಮ್ಮತ್ರ ಇರೋದ್ರಲ್ಲಿ ಎಲ್ಲಕ್ಕಿಂತ ಮೆತ್ತಂದು ಕೊಡಿ. ರಸ್ತೆ ಕಚ್ಚಿ ಹಿಡೀಬೇಕು, ಏನೇ ಆದ್ರೂ ಜಾರಬಾರ್ದು."

ಹದಿಮೂರು ಇಂಚಿನ ಚಕ್ರಕ್ಕೆ ಅಂಥದ್ದು ಸಿಗುವುದೇ ಅಪರೂಪ. ರಾಮಾಂಜಿನಪ್ಪ ಮದರಾಸಿಗೆ ಫೋನು ಮಾಡಿ, ವಾರದೊಳಗೆ ತರಿಸಿಕೊಟ್ಟ. ಗೀರುಗಳೇ ಇಲ್ಲವೇನೋ ಎನ್ನುವಷ್ಟು ನುಣ್ಣಗಿದ್ದ, ರೇಸಿಗೂ ರಸ್ತೆಗೂ ನಡುವಿನ ಜಾತಿಯ ನಾಲ್ಕು ಟೈರುಗಳು. ಬಿಸಿಯೇರಿದರೆ ಡಾಂಬರಿಗೆ ಅಂಟಿದಂತೆ ಹಿಡಿಯುತ್ತವೆ. ಅವನ್ನು ತನ್ನ ಸ್ವಿಫ್ಟ್ ಕಾರಿನ ಹಿಂದೆ ತುಂಬಿಕೊಂಡು ಲಗ್ಗೆರೆಯ ಕಡೆ ಹೊರಟಾಗ ಲೋಕೇಶನಿಗೆ ಎಷ್ಟೋ ದಿನಗಳ ಮೇಲೆ ಒಂದು ಕೆಲಸವನ್ನು ಸರಿಯಾಗಿ ಮಾಡಿದೆನೆನ್ನಿಸಿತು. ಪಂಚಾಕ್ಷರಿ ಇಲ್ಲ; ಅವನ ಮನೆಯವಳು ಜಾರದ ಹಾಗೆ ನೋಡಿಕೊಳ್ಳುವುದು ಈಗ ತನ್ನ ಹೊಣೆ.

ಇಬ್ಬರ ಸ್ನೇಹ ಶುರುವಾದದ್ದು ರೊಟ್ಟಿಯಿಂದ. ಲೋಕೇಶ್ ವರ್ತೂರಿನವನು, ಕೆರೆಯಲ್ಲಿ ಈಜು ಕಲಿತ ಕೊನೆಯ ತಲೆಮಾರಿನವನು. ಪಂಚಾಕ್ಷರಿ ಗದಗದ ಕಡೆಯಿಂದ ಡಿಪ್ಲೊಮಾ ಮುಗಿಸಿ ಬಂದು, ಲೋಕೇಶನಿದ್ದ, ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಗೇ ಸೇರಿದವನು. ಎರಡನೇ ಪಾಳಿ ಮುಗಿಸಿ ವರ್ತೂರಿನವರೆಗೆ ಸ್ಕೂಟರು ಓಡಿಸಲಾರದೆ ಲೋಕೇಶ್ ಲಗ್ಗೆರೆಯ ಅವನ ರೂಮಿನಲ್ಲಿ ಮಲಗುತ್ತಿದ್ದ. ಊಟಕ್ಕೆ ಊರಿನಿಂದ ಬಂದ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ. ಮುದ್ದೆ ಉಣ್ಣುವ ಲೋಕೇಶನ ಹಲ್ಲಿಗೆ ಅದು ಹಪ್ಪಳವೋ ಹೆಂಚೋ ತಿಳಿಯದು. "ನುಂಗಬ್ಯಾಡಲೇ ಲೋಕ್ಯಾ, ಅಗಿ. ನಿಮ್ಮ ಕಡೆಯವರಿಗೆ ಹಲ್ಲು ಬರೇ ನಗಾಕ ಕೊಟ್ಟಾನ ದೇವರು" ಎಂದು ಪಂಚಾಕ್ಷರಿ ಆಡಿಕೊಳ್ಳುತ್ತಿದ್ದ.

ಅವನಿಗೆ ಮದುವೆಯಾಗಿ ಮಹಾನಂದಾ ಬಂದಳು. ಬಿಳಿಯ ಎಸ್ಟೀಮ್ ಬಂದದ್ದು ಆಮೇಲೆ, ಸೆಕೆಂಡ್ ಹ್ಯಾಂಡಿನಲ್ಲಿ. ಕಾರಿನ ಹುಚ್ಚಿನವರು ಕೆಲವರು ಸೇರಿಕೊಂಡು, ಶ್ರೀಪೆರಂಬುದೂರಿನ ಹತ್ತಿರದ ರೇಸ್ ಟ್ರ್ಯಾಕನ್ನು ಒಂದು ದಿನದ ಮಟ್ಟಿಗೆ ಹಿಡಿಯುತ್ತಾರೆ, ಹೆಲ್ಮೆಟ್ಟೂ ಗಟ್ಟಿ ಬ್ರೇಕೂ ಇದ್ದರೆ ಯಾರ ಕಾರಾದರೂ ಸರಿ, ಎಂದು ಎಲ್ಲಿಂದಲೋ ತಿಳಿದುಕೊಂಡು ಬಂದವನು ಅವನೇ. ಸ್ಪರ್ಧೆಯಿಲ್ಲ, ಬಹುಮಾನವಿಲ್ಲ. "ಮತ್ತೆ ಯಾಕೋ ಹೋಗೋದು?" ಎಂದು ಲೋಕೇಶ್ ಕೇಳಿದ್ದಕ್ಕೆ, "ಎದುರಿಗೆ ಆಟೋ ಬರೂದಿಲ್ಲಲೇ. ಅದಕಿಂತ ಸುಖ ಏನೈತಿ?" ಎಂದಿದ್ದ.

ಶನಿವಾರ ಮಧ್ಯಾಹ್ನ ಅವನ ಎಸ್ಟೀಮ್, ಲೋಕೇಶನ ಸ್ವಿಫ್ಟ್, ಎರಡು ಕಾರು ಹೊರಡುತ್ತಿದ್ದವು. ಅತ್ತಿಬೆಲೆಯಲ್ಲಿ ಟೀ. ಅಲ್ಲಿ ಇಳಿದು ಪಂಚಾಕ್ಷರಿ ನಾಲ್ಕು ಟೈರನ್ನೂ, ಮಕ್ಕಳ ಜ್ವರ ನೋಡುವಂತೆ, ಅಂಗೈಯಿಂದ ಮುಟ್ಟಿ ನೋಡುತ್ತಿದ್ದ. ಕಂಚಿಯಲ್ಲಿ ರಾತ್ರಿ ಲಾಡ್ಜು, ಭಾನುವಾರ ಇಡೀ ದಿನ ಟ್ರ್ಯಾಕು, ಸಂಜೆ ಅದೇ ಟೈರಿನ ಮೇಲೆ ವಾಪಸ್ಸು. ಟೈರು ಆರಿಸುವುದು ಕಷ್ಟವಾದದ್ದು ಅದರಿಂದಲೇ. ಮಧ್ಯಾಹ್ನ ಹುಚ್ಚೆದ್ದು ಓಡಬೇಕು, ಸಂಜೆ ಮಳೆ ಬಂದರೂ ಸಭ್ಯವಾಗಿ ಮನೆ ಸೇರಿಸಬೇಕು.

ಮೊದಲು ಪಂಚಾಕ್ಷರಿ ಅಗಲ ಜಾಸ್ತಿಯಾದರೆ ಹಿಡಿತವೂ ಜಾಸ್ತಿ ಎಂದು ಲೆಕ್ಕ ಹಾಕಿ ಅಗಲದ್ದನ್ನು ಹಾಕಿಸಿದ. ಟ್ರ್ಯಾಕಿನಲ್ಲೇನೋ ಚೆನ್ನಾಗಿತ್ತು. ಮುಂದಿನ ತಿಂಗಳು ತಾಯಿ ಹೊಳೆವ್ವನನ್ನೂ ಎರಡು ಚೀಲ ಜೋಳವನ್ನೂ ಹಿಂದಿನ ಸೀಟಿಗೆ ಹಾಕಿಕೊಂಡು ಊರಿನಿಂದ ಬರುವಾಗ, ಹಂಪು ಬಂದಾಗಲೆಲ್ಲ ಟೈರು ಮಡ್‌ಗಾರ್ಡಿಗೆ ಉಜ್ಜಿ ಗರ್ರ್ ಎನ್ನತೊಡಗಿತು. ಹೊಳೆವ್ವ ಚಿತ್ರದುರ್ಗದವರೆಗೆ ತಡೆದಿದ್ದು, "ಪಂಚ್ಯಾ, ಕಾರಿನ ಹೊಟ್ಟಿ ಕೆಟ್ಟೈತೇನೋ? ಓಮಿನ ನೀರ ಕುಡಸು" ಎಂದಳಂತೆ. ಈ ಕಥೆಯನ್ನು ಕ್ಯಾಂಟೀನಿನಲ್ಲಿ ಲೋಕೇಶ್ ಎಷ್ಟು ಸಲ ಹೇಳಿದರೂ ಜನ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಪಂಚಾಕ್ಷರಿ.

ತಿರುವಿನಲ್ಲಿ ಟೈರು ಎಷ್ಟು ಮಗ್ಗುಲಿಗೆ ಹೊರಳುತ್ತದೆಂದು ತಿಳಿಯಲು ಅದರ ಅಂಚಿನ ಮೇಲೆ ಗೆರೆ ಎಳೆದು, ಎಲ್ಲಿಯವರೆಗೆ ಅಳಿಸಿತೆಂದು ನೋಡುತ್ತಾರೆ. ಎಲ್ಲರೂ ಬಳಸುವುದು ಚಾಕ್‌ಪೀಸು. ಮೊದಲ ಸಲ ಅದನ್ನು ಮರೆತುಬಂದ ಪಂಚಾಕ್ಷರಿ ಜೇಬಿನಿಂದ ವಿಭೂತಿ ಗಟ್ಟಿ ತೆಗೆದು, ನಾಲ್ಕೂ ಟೈರಿಗೆ ಮೂರು ಬೆರಳಿನ ಅಗಲಕ್ಕೆ ಬಳಿದ. ಮಹಾನಂದಾ ಹಣೆ ಚಚ್ಚಿಕೊಂಡಳು: "ಅಯ್ಯ ಶಿವನ! ಪೂಜಾದ್ದು ತಂದು ಗಾಲಿಗೆ ಬಡೀತೀರಲ್ಲ!" "ನಾ ಹಚಗೊಂಡರ ನಡೀತೈತಿ, ಅದಕ್ಕ ಹಚ್ಚಿದ್ರ ಇಲ್ಲೇನು? ಓಡೂದು ಅದು, ನಾ ಬರೇ ಕುಂತಿರತೇನಿ." ಮುಂದಿನ ಸಲದಿಂದ ಅವಳು ಚಾಕ್‌ಪೀಸಿನ ಡಬ್ಬಿಯನ್ನೇ ತಂದರೂ ಅವನು ವಿಭೂತಿ ಬಿಡಲಿಲ್ಲ.

ಆಮೇಲೆ ಬಂತು ಮೆತ್ತನೆಯ ಟೈರಿನ ದಿನ. ಯಾವುದೋ ರ್‍ಯಾಲಿ ಕಾರಿನಿಂದ ಬಿಚ್ಚಿದ್ದ ನಾಲ್ಕನ್ನು ಪಂಚಾಕ್ಷರಿ ಹೇಗೋ ಸಂಪಾದಿಸಿ ಹಾಕಿಸಿಕೊಂಡಿದ್ದ. ಆ ಬೆಳಗ್ಗೆ ಅವನಷ್ಟು ಬೇಗ ಯಾರೂ ಸುತ್ತಲಿಲ್ಲ. ಮನೆಯವರು ಕೂರಲು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದ ಜಾಗದ ಆಚೆ, ಹಳೇ ಟೈರುಗಳ ಗೋಡೆಯೊಂದರ ಹಿಂದೆ, ಒಂದು ಬಲ ತಿರುವು. ಮಹಾನಂದಾ ಯಾವಾಗಲೂ ಕೂರುತ್ತಿದ್ದದ್ದು ಆ ಗೋಡೆಯ ಕಡೆಯ ಕುರ್ಚಿಯಲ್ಲಿ, ಬಿಸಿಲಿಗೆ ಕೊಡೆ ಹಿಡಿದು, ಮಡಿಲಲ್ಲಿ ಶೇಂಗಾ ಇಟ್ಟುಕೊಂಡು. ಅಂದು ಗೋಡೆಯ ಮೇಲಿನಿಂದ ಇದ್ದಕ್ಕಿದ್ದಂತೆ ಕೆಂಪು ಧೂಳು ಎದ್ದಿತು. ಕಾರು ಸದ್ದಿಲ್ಲದೆ ಹಿಡಿತ ಬಿಟ್ಟು, ಬುಗುರಿಯಂತೆ ತಿರುಗಿ, ಹುಲ್ಲಿನಲ್ಲಿ ನಿಂತಿತ್ತು. ಏನೂ ಆಗಿರಲಿಲ್ಲ. ಪಂಚಾಕ್ಷರಿ ನಗುತ್ತಲೇ ಇಳಿದ. ಮಹಾನಂದಾ ಶೇಂಗಾ ಚೆಲ್ಲಿದ್ದನ್ನು ಆರಿಸುತ್ತ ಕೂತಿದ್ದಳು, ತಲೆಯೆತ್ತಲಿಲ್ಲ.

ಮುಂದಿನ ಸಲ ಅವನು ಸಾದಾ ಟೈರಿಗೇ ಮರಳಿದ್ದ. ರಸ್ತೆಯದೇ, ಆದರೆ ಒಂದು ತೂಕ ಮೇಲಿನದು; ಕಂಪನಿ ಹೇಳಿದ ಅಗಲದ್ದೇ. ಲೋಕೇಶನಿಗೆ ಹಬ್ಬ. "ಏನ್ ಗುರು, ಹೆದರ್ಕೊಂಬಿಟ್ಟಾ? ಸಂಸಾರಸ್ಥರ ಟೈರ್ ಹಾಕ್ಕೊಂಡು ಟ್ರ್ಯಾಕಿಗೆ ಬಂದಿದೀಯಲ್ಲ!"

"ಸಂಸಾರ ಐತಲ್ಲಲೇ, ಏನ್ ಮಾಡ್ಲಿ" ಎಂದ ಪಂಚಾಕ್ಷರಿ. ಆಮೇಲೆ, "ಟೈರು ಕೈ ಬಿಡೂಮುಂದ ಹೇಳಿ ಬಿಡಬೇಕು ಲೋಕ್ಯಾ. ಹೇಳದ ಬಿಡೂದು ಎಷ್ಟ ಚಲೋ ಹಿಡಿದ್ರೂ ನನಗ ಬ್ಯಾಡ" ಎಂದ.

ಅಂದಿನಿಂದ ಅವನಿಗೆ ಒಂದು ಹೊಸ ಚಟ ಹತ್ತಿತು. ಸುತ್ತು ಮುಗಿಸಿ ಬಂದು ಹೆಲ್ಮೆಟ್ ತೆಗೆದವನೇ ಹೆಂಡತಿಯ ಕಡೆ ತಿರುಗಿ ಕೇಳುತ್ತಿದ್ದ: "ಕೇಳಿಸ್ತೇನು?" ಅವಳು ಶೇಂಗಾ ಬಿಡಿಸುತ್ತಲೇ, "ಹೂಂ, ಕೇಳಿಸ್ತು" ಎನ್ನುತ್ತಿದ್ದಳು. ತಾನು ಎಷ್ಟು ಜೋರಾಗಿ ತಿರುಗಿಸಿದೆನೆಂದು ಹೆಂಡತಿಯ ಮುಂದೆ ಜಂಬ ಎಂದುಕೊಂಡಿದ್ದ ಲೋಕೇಶ್. ವರ್ಷಗಟ್ಟಲೆ ಹಾಗೇ ಅಂದುಕೊಂಡಿದ್ದ.

ಅಕ್ಟೋಬರಿನಲ್ಲಿ, ಕ್ಯಾಂಟೀನಿನಲ್ಲಿ ಊಟಕ್ಕೆ ಕುಳಿತಾಗ, ಪಂಚಾಕ್ಷರಿ ಮೇಜಿನ ಮೇಲೆ ಕೈ ಮಡಿಚಿ ತಲೆಯಿಟ್ಟ. ಎದುರಿಗೆ ಕೂತಿದ್ದ ಲೋಕೇಶ್ ಹೊಳೆವ್ವನ ಓಮಿನ ನೀರಿನ ಕಥೆಯನ್ನು ಹೊಸದಾಗಿ ಬಂದ ಟ್ರೈನಿಗಳಿಗೆ ಹೇಳುತ್ತಿದ್ದ. ನಗುವುದಕ್ಕೇ ಅವನು ತಲೆ ಬಗ್ಗಿಸಿದ್ದಾನೆಂದುಕೊಂಡು ಕಥೆ ಮುಗಿಸಿದ. ಎಲ್ಲರೂ ನಕ್ಕರು. ಅವನು ಏಳಲಿಲ್ಲ. ನಲವತ್ತು ತುಂಬಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಎಳ್ಳುಬೆಲ್ಲ ಕೊಡಲೆಂದು ಹೋದ ಲೋಕೇಶನಿಗೆ ಮಹಾನಂದಾ ಹೇಳಿದಳು: "ಅಣ್ಣಾರ, ಯುಗಾದಿಗೆ ನಮ್ಮ ತಮ್ಮ ಬಸಲಿಂಗ ಬಂದು ಕಾರು ಊರಿಗೆ ಒಯ್ತಾನ. ಅದರೊಳಗ ಒಮ್ಮೆ ನಾನು ಟ್ರ್ಯಾಕಿಗೆ ಹೋಗಬೇಕು. ಇಷ್ಟ ವರ್ಷ ಹೊರಗ ಕುಂತೇನಿ. ಒಮ್ಮೆ ಒಳಗ ಕುಂತು ನೋಡ್ತೇನಿ." ಅವಳಿಗೆ ಕಾರು ಓಡಿಸಲು ಚೆನ್ನಾಗಿ ಬರುತ್ತಿತ್ತು, ಊರಿನ ದಾರಿಯಲ್ಲಿ ಅರ್ಧ ಅವಳದೇ. ಲೋಕೇಶ್ ಒಪ್ಪಿದ. ಹಳೆಯ ಟೈರುಗಳು ಪೂರ್ತಿ ಸವೆದಿದ್ದವು. ಹೊಸದನ್ನು ತಾನು ನೋಡಿಕೊಳ್ಳುತ್ತೇನೆ ಎಂದ.

ಈಗ ಆ ಹೊಸದು ಲಗ್ಗೆರೆಯ ಮನೆಯ ಮುಂದೆ ಸ್ವಿಫ್ಟಿನಿಂದ ಇಳಿಯಿತು. ಮಹಾನಂದಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. ನುಣ್ಣನೆಯ ರಬ್ಬರಿನ ಮೇಲೆ ಒಂದು ಬೆರಳಿಟ್ಟು, ತೆಗೆದಳು.

"ಇವು ಬ್ಯಾಡ್ರಿ ಅಣ್ಣಾರ."

"ಇದಕ್ಕಿಂತ ಒಳ್ಳೇದು ಸಿಗಲ್ಲ ಅತ್ತಿಗೆ. ನೀವು ಮೊದಲ್ನೇ ಸಲ ಹೋಗ್ತಿದೀರ. ಇದು ಹಿಡ್ಕೊಳ್ಳುತ್ತೆ, ಜಾರಲ್ಲ."

"ಜಾರಲಿಲ್ಲೇನು ಆವತ್ತ?" ಎಂದಳು ಅವಳು. ಅವಳು ಮೆಟ್ಟಿಲ ಮೇಲೆ ಕುಳಿತಳು. "ಆ ತಿರುವು ನನಗ ಕಾಣೂದಿಲ್ಲರಿ, ಗ್ವಾಡಿ ಅಡ್ಡ. ಮದಲಿನ ಟೈರು ಅಲ್ಲಿಗೆ ಬಂದಾಗೊಮ್ಮೆ ಕೂಗ್ತಿತ್ತು. ಕೂಗ್ತಂದ್ರ ಇವರು ದಾಟಿದ್ರು ಅಂತ ನಾ ಒಂದು ಕಾಳು ಬಾಯಾಗ ಹಾಕ್ಕೋತಿದ್ದೆ. ಆವತ್ತ ಬೆಳಗಿನಿಂದ ಒಂದ್ ಸದ್ದಿಲ್ಲ. ಬಂದ್ರೋ, ಹೋದ್ರೋ, ಏನಾತೋ. ಹೊಳ್ಳಿ ಬರುವಾಗ ಕೃಷ್ಣಗಿರಿ ದಾಟೂತನಕ ನಾ ಮಾತಾಡಲಿಲ್ಲ. ಆಮ್ಯಾಲೆ ಅತ್ತು ಹೇಳಿದೆ. 'ಆತು ಬಿಡು, ನಿನಗ ಕೇಳೂವಂಥಾ ಟೈರ್ ಹಾಕ್ತೇನಿ' ಅಂದ್ರು. ನಗ್ತಾನ ಅಂದ್ರು. ಆದ್ರ ಹಾಕಿದ್ರು."

ಲೋಕೇಶನಿಗೆ ತಕ್ಷಣ ಹೊಳೆದದ್ದು ಒಂದು ಪೆದ್ದು ಪ್ರಶ್ನೆ. "ಎಲ್ಲಾರ್ ಕಾರೂ ಕೂಗುತ್ತಲ್ಲ ಅತ್ತಿಗೆ. ಇವನದೇ ಅಂತ ಹೆಂಗೆ ಗೊತ್ತಾಗ್ತಿತ್ತು?"

"ನಿಮ್ಮ ಮಗಳು ಅತ್ತರ ಸಂತ್ಯಾಗ ನಿಮಗ ಗೊತ್ತಾಗೂದಿಲ್ಲೇನ್ರಿ?"

ಅವನು ಟೈರುಗಳನ್ನು ಮತ್ತೆ ಸ್ವಿಫ್ಟಿಗೆ ತುಂಬಿದ. ರಾಮಾಂಜಿನಪ್ಪ ಮೊದಲು ಗೊಣಗಿದ, ಮದರಾಸಿನವರಿಗೆ ಏನು ಹೇಳಲಿ ಎಂದು ಕೂಗಾಡಿದ. ಕೊನೆಗೆ ಪಂಚಾಕ್ಷರಿ ಕೊನೆಯ ಸಲ ಒಯ್ದಿದ್ದ ಸಾದಾ ಟೈರನ್ನೇ ನಾಲ್ಕು ಇಳಿಸಿದ. ಅವು ಅಟ್ಟದ ಮೇಲೇ ಇದ್ದವು.

ಫೆಬ್ರವರಿಯ ಆ ಭಾನುವಾರ ಟ್ರ್ಯಾಕಿನ ಬದಿಯಲ್ಲಿ ಲೋಕೇಶ್ ಗಾಳಿ ನೋಡಿದ, ನಟ್ಟು ಬಿಗಿದ. ಮಹಾನಂದಾ ಪರ್ಸಿನಿಂದ ವಿಭೂತಿ ಗಟ್ಟಿ ತೆಗೆದು ಅವನ ಕೈಗೆ ಕೊಟ್ಟಳು. ಅವನು ಹಿಂಜರಿದ. "ಹಚ್ರಿ. ಇಷ್ಟ ದಿನ ನಾನು ಬೈದದ್ದು ಸಾಕು." ಹಚ್ಚಿದ. ಗಂಡನ ಹೆಲ್ಮೆಟ್ ದೊಡ್ಡದೆಂದು ಅವಳು ತಲೆಗೆ ಎರಡು ಸುತ್ತು ಬಟ್ಟೆ ಕಟ್ಟಿಕೊಂಡಳು. ಪಕ್ಕದ ಸೀಟಿನಲ್ಲಿ ಯಾರೂ ಕೂರುವಂತಿಲ್ಲ ಎಂದರು ನಡೆಸುವವರು. ಕಾರು ಹೊರಟುಹೋಯಿತು.

ಲೋಕೇಶನಿಗೆ ನಿಲ್ಲಲು ಉಳಿದದ್ದು ಆ ಕುರ್ಚಿಗಳ ಸಾಲು. ಗೋಡೆಯ ಕಡೆಯ ಕುರ್ಚಿ ಖಾಲಿಯಿತ್ತು. ಕೂತ. ಮೊದಲ ಸುತ್ತಿನಲ್ಲಿ ಏನೂ ಕೇಳಿಸಲಿಲ್ಲ. ನಿಧಾನ ಹೋಗುತ್ತಿದ್ದಾಳೆ, ಅಷ್ಟೆ, ಎಂದುಕೊಂಡ. ಎರಡನೆಯದರಲ್ಲೂ ಇಲ್ಲ. ಗೋಡೆಯ ಮೇಲೆ ಧೂಳಿದೆಯೇ ಎಂದು ಎದ್ದು ನೋಡಿದ. ಇರಲಿಲ್ಲ. ಪಕ್ಕದಲ್ಲಿ ಯಾರದೋ ಮನೆಯವರು ಡಬ್ಬಿ ಬಿಚ್ಚಿ ಪುಳಿಯೋಗರೆ ಹಂಚುತ್ತಿದ್ದರು. ಈ ಕುರ್ಚಿಯಲ್ಲಿ ಇಷ್ಟು ಹೊತ್ತು ಕೂರುವುದೇ ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. ಅವನು ಎಂದೂ ಇಲ್ಲಿ ಕೂತವನಲ್ಲ.

ಆಗ ಗೋಡೆಯಾಚೆ ಬಂತು. ಸಣ್ಣಗೆ ಶುರುವಾಗಿ, ಎಳೆದು, ತಿರುವು ಮುಗಿದಂತೆ ನಿಂತ ಕೂಗು. ಮುಂದಿನ ಸುತ್ತಿಗೆ ಇನ್ನೂ ಸ್ವಲ್ಪ ಉದ್ದ. ಅದರ ಮುಂದಿನದಕ್ಕೂ. ಬೇರೆ ಕಾರುಗಳೂ ಕೂಗುತ್ತಿದ್ದವು, ಆದರೆ ಇದು ಯಾವುದೆಂದು ಅವನಿಗೂ ತಿಳಿಯಿತು. ಎಷ್ಟೋ ವರ್ಷ ಇದನ್ನು ಕೇಳಿಯೂ ಕೇಳದವನಂತೆ ಇದ್ದ.

ಮಹಾನಂದಾ ಕಾರು ತಂದು ನಿಲ್ಲಿಸಿದಳು. ಇಳಿದು, ಒಂದೊಂದೇ ಟೈರನ್ನು ಬಗ್ಗಿ ಅಂಗೈಯಿಂದ ಮುಟ್ಟಿ ನೋಡಿದಳು. ವಿಭೂತಿಯ ಗೆರೆ ಅರ್ಧದವರೆಗೆ ಅಳಿಸಿತ್ತು. ಹೆಲ್ಮೆಟ್ ತೆಗೆದಾಗ ತಲೆಗೆ ಕಟ್ಟಿದ್ದ ಬಟ್ಟೆ ಸಡಿಲವಾಗಿ ಕೂದಲೆಲ್ಲ ಹಣೆಗೆ ಅಂಟಿತ್ತು, ಮುಖ ಕೆಂಪಾಗಿತ್ತು. ಅತ್ತಿದ್ದಳೋ ಬೆವತಿದ್ದಳೋ ಹೇಳುವಂತಿರಲಿಲ್ಲ.

"ಕೇಳಿಸ್ತೇನ್ರಿ ಅಣ್ಣಾರ?" ಎಂದಳು.

ಲೋಕೇಶ್ ಕುರ್ಚಿಯಿಂದ ಎದ್ದ.

"ಹೂಂ ಅತ್ತಿಗೆ" ಎಂದ. "ಕೇಳಿಸ್ತು."