ನಾನು ಬರೆದ ಟಿಕಿಗೆ ಎದುರು ಮನೆಯ ಹರಕೆ

ಕಲೆಯ ವಿಷಯದಲ್ಲಿ ನನಗಿರುವ ಅರ್ಹತೆಯನ್ನು ಮೊದಲೇ ಹೇಳಿಬಿಡುವುದು ಲೇಸು. ಮಸ್ಕತ್ತಿನ ಅಲ್ ಅಜೈಬಾದಲ್ಲಿ ಒಂದು ಕಂಪನಿಯ ಡ್ರಾಫ್ಟ್ಸ್‌ಮನ್ ನಾನು. ಫಾಲ್ಸ್ ಸೀಲಿಂಗಿನ ಮೇಲೆ ಏಸಿಯ ಡಕ್ಟ್ ಎಲ್ಲಿಂದ ಹೊರಟು ಎಲ್ಲಿ ತಿರುಗಬೇಕು ಎಂದು ಗೆರೆ ಎಳೆದು ಅನ್ನ ಸಂಪಾದಿಸಿದವನು. ನಾನು ಎಳೆದ ಗೆರೆಗಳ ಕೆಳಗೆ ಎಷ್ಟೋ ಜನ ತಣ್ಣಗೆ ಕುಳಿತಿದ್ದಾರೆ. ಒಬ್ಬರೂ ತಲೆಯೆತ್ತಿ ‘ಆಹಾ’ ಎಂದಿಲ್ಲ. ಇಂಥವನಿಗೆ ಐವತ್ತು ದಾಟಿದ ಮೇಲೆ ಬಣ್ಣದ ಹುಚ್ಚು ಹಿಡಿದರೆ ಲೋಕ ಕ್ಷಮಿಸಬೇಕು.

ಹುಚ್ಚು ಹಿಡಿದದ್ದು ಕಂಪನಿಯ ವಾರ್ಷಿಕ ಭೋಜನದಲ್ಲಿ, ಸಮುದ್ರದ ಬದಿಯ ಒಂದು ಹೋಟೆಲಿನಲ್ಲಿ. ಪಾನೀಯದ ಕಟ್ಟೆಯ ಪಕ್ಕ ಒಂದು ಮರದ ಕಂಬ ನಿಲ್ಲಿಸಿದ್ದರು. ಕಂಬಕ್ಕೆ ಮುಖವಿತ್ತು, ಉಬ್ಬಿದ ಕಣ್ಣು, ಚೌಕ ಹಲ್ಲು, ಕಿವಿಯಿಂದ ಕಿವಿಗೆ ಬಾಯಿ. ನಾನು ನಿಂಬೆ ಶರಬತ್ತು ಹಿಡಿದು ಅದರೆದುರು ನಿಂತವನು ಊಟದ ಕರೆ ಬಂದರೂ ಕದಲಲಿಲ್ಲ.

“ಎಂತ ನೋಡ್ತಾ ಇದ್ದೀರಿ?” ಎಂದು ಹೆಂಡತಿ ಕೇಳಿದಳು.

“ನಾನಲ್ಲ, ಅದು ನನ್ನನ್ನು ನೋಡ್ತಾ ಉಂಟು.”

ಅದರ ಹೆಸರು ಟಿಕಿ ಎಂದು ಆಮೇಲೆ ತಿಳಿಯಿತು. ಪೆಸಿಫಿಕ್ ಸಾಗರದ ದ್ವೀಪಗಳ ಕಡೆಯ ಕೆತ್ತನೆಯಂತೆ. ಅದನ್ನು ಹಿಡಿದು ತಂದು ಜಗತ್ತಿನ ಬಾರುಗಳಲ್ಲೆಲ್ಲ ನಿಲ್ಲಿಸಿದ್ದಾರೆ; ಅದರ ಮುಖದ ಲೋಟ ಮಾಡಿ ಕುಡಿಯುತ್ತಾರೆ, ಅದರ ಚಿತ್ರ ಬರೆದು ಗೋಡೆಗೆ ಹಾಕುತ್ತಾರೆ. ಮೆಷಿನ್ ಬಂದ ಪೆಟ್ಟಿಗೆಯ ಪ್ಲೈವುಡ್ಡನ್ನು ಆಫೀಸಿನಿಂದ ಹೇಳಿಕೇಳಿಯೇ ತಂದು, ಅಕ್ರಿಲಿಕ್ ಬಣ್ಣ ಕೊಂಡು, ನಾನೂ ಆ ಪರಂಪರೆಗೆ ಸೇರಿಬಿಟ್ಟೆ. ಕಿತ್ತಳೆ, ಗಿಳಿಹಸಿರು, ನವಿಲುನೀಲಿ, ಯಾವುದನ್ನೂ ಬಿಡಲಿಲ್ಲ. ಮುಖಕ್ಕೆ ಮಾತ್ರ ಯಾವಾಗಲೂ ಹಳದಿ. ಯಾಕೆ ಎಂದು ನನ್ನನ್ನು ನಾನು ಕೇಳಿಕೊಂಡಿರಲಿಲ್ಲ.

ನಮ್ಮದು ಉಡುಪಿ ಕಡೆಯ ಕೊಂಕಣಿ ಕ್ರೈಸ್ತರ ಮನೆ. ಹಾಲಿನಲ್ಲಿ ಏಸುವಿನ ಪೀಠ, ಆಲ್ತಾರು ಉಂಟು, ದೀಪ ಉಂಟು. ಹೆಂಡತಿ ಮೊದಲ ದಿನವೇ ಕಾನೂನು ಹೊರಡಿಸಿದಳು.

“ಹಾಲಿನಲ್ಲಿ ಬೇಡ. ಪಾದ್ರಿಗಳು ಮನೆ ಆಶೀರ್ವಾದಕ್ಕೆ ಬಂದಾಗ ತೀರ್ಥ ಯಾರಿಗೆ ಹಾಕುವುದು ಅಂತ ಅವರಿಗೆ ಗೊಂದಲ ಆಗಬಾರದು.”

ಹೀಗಾಗಿ ನನ್ನ ಕೃತಿಗಳು ಬಾಲ್ಕನಿಯಲ್ಲಿ ಹುಟ್ಟಿ, ಬಾಗಿಲ ಹೊರಗಿನ ಪ್ಯಾಸೇಜಿನಲ್ಲಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕ ಒಣಗುತ್ತಿದ್ದವು.

ಇಂಟರ್‌ನೆಟ್ಟಿನ ದೆಸೆಯಿಂದ ನನಗೆ ಒಂದು ಮಹಾಸಭೆಯ ಸದಸ್ಯತ್ವವೂ ದೊರೆಯಿತು. ಒಮಾನಿನಲ್ಲಿರುವ ಟಿಕಿಪ್ರೇಮಿಗಳೆಲ್ಲ ಸೇರಿದರೆ ಒಂದು ಕಾರಿನಲ್ಲಿ ಹಿಡಿಸುತ್ತಿದ್ದೆವು. ಆದರೂ ಸಭೆಗೆ ನಿಯಮವಿತ್ತು. ಆಗಾಗ ಒಬ್ಬರ ಮನೆಯಲ್ಲಿ ಸೇರುವುದು. ಪ್ರತಿಯೊಬ್ಬರೂ ತಾವು ಮಾಡಿದ್ದೊಂದನ್ನು ತರುವುದು. ಟಿಕಿ ಲೋಟದಲ್ಲಿ ಚೀಟಿ ಹಾಕಿ ಎತ್ತುವುದು. ಯಾರಿಗೆ ಯಾವುದು ಬಂತೋ ಅದು ಅವರದು. ಮರುಮಾತಿಲ್ಲ. ಫೋಟೊ ಮೊದಲೇ ಗ್ರೂಪಿಗೆ ಹಾಕಬೇಕು; ಹಾಕಿದ ಮೇಲೆ ಬದಲಾಯಿಸುವ ಹಾಗಿಲ್ಲ. ಈ ಸಲ ಸಭೆ ನಮ್ಮ ಮನೆಯಲ್ಲಿ. ನಾನು ಬರೆದದ್ದರಲ್ಲಿ ಅತ್ಯುತ್ತಮ ಎಂದು ನಾನೇ ತೀರ್ಮಾನಿಸಿದ್ದ ಒಂದು ಹಳದಿ ಮುಖದ ಫೋಟೊ ಹಾಕಿದ್ದೆ. ಹಿಂದೆ ಸುತ್ತಲೂ ತೆಂಗಿನ ಗರಿಗಳ ಪ್ರಭಾವಳಿ. ಆ ಗರಿಗಳಿಗೆ ಎರಡು ವಾರಾಂತ್ಯ ಹೋಗಿತ್ತು.

ಸಭೆಗೆ ಇನ್ನೂ ಒಂದು ವಾರವಿರುವಾಗ ಬೆಳಿಗ್ಗೆ ಆಫೀಸಿಗೆ ಹೊರಟು ಬಾಗಿಲು ತೆಗೆದರೆ, ಎದುರು ಮನೆಯ ಅಕ್ಕ ಆ ಚಿತ್ರದ ಮುಂದೆ ನಿಂತಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮರ್ಯಾದೆಗೆ ಅಕ್ಕ. ಬಂಟ್ವಾಳದ ಕಡೆಯ ತುಳು ಮನೆತನ. ಒಂದು ದಂತ ಚಿಕಿತ್ಸಾಲಯದಲ್ಲಿ ರಿಸೆಪ್ಷನ್ ಕೆಲಸ, ಹತ್ತನೇ ಕ್ಲಾಸಿನ ಮಗಳು, ದೂರದ ದುಕ್ಮ್‌ನ ಕ್ಯಾಂಪಿನಲ್ಲಿದ್ದು ಕ್ರೇನ್ ರಿಪೇರಿ ಮಾಡುವ ಗಂಡ. ಅವರು ಕಂಪನಿ ಬಸ್ಸಿನಲ್ಲಿ ಎರಡು ವಾರಕ್ಕೊಮ್ಮೆ ಬಂದು, ನಿದ್ದೆ ಮಾಡಿ, ಹೋಗುತ್ತಿದ್ದರು.

ಕೊನೆಗೂ ಒಬ್ಬರು ರಸಿಕರು ಸಿಕ್ಕಿದರು ಎಂದು ನಾನು ಸದ್ದಿಲ್ಲದೆ ಹಿಂದೆ ನಿಂತೆ. ಹೊಗಳಿಕೆ ಬಂದಾಗ ಹೇಗೆ ತಲೆ ತಗ್ಗಿಸಬೇಕು ಎಂಬುದನ್ನೂ ಯೋಚಿಸಿಟ್ಟುಕೊಂಡೆ. ಅಕ್ಕ ತಿರುಗಿದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕೈ ಮುಗಿದಿದ್ದರು.

“ಎಂತ ಅಣ್ಣ ನೀವು? ಇದನ್ನು ಹೀಗೆ ಚಪ್ಪಲಿ ಹತ್ರ ಇಡುವುದಾ?”

“ಅಕ್ಕ, ಅದು ಟಿಕಿ.”

“ನನಗೆ ಗೊತ್ತಾಗುವುದಿಲ್ವಾ? ನಮ್ಮ ಕುಟುಂಬದ ಮನೆಯ ದೈವದ ಹಾಗೇ ಉಂಟು. ಅದೇ ಹಲ್ಲು, ಅದೇ ಕಣ್ಣು. ಅಣಿ ಕೂಡ ಕಟ್ಟಿದ್ದೀರಿ!”

ಅಣಿ ಎಂದರೆ ಭೂತ ಕಟ್ಟುವವರು ಬೆನ್ನಿಗೆ ಕಟ್ಟಿಕೊಳ್ಳುವ, ತೆಂಗಿನ ಎಳೆಗರಿಯ ದೊಡ್ಡ ಪ್ರಭಾವಳಿ. ನಾನು ನನ್ನ ಚಿತ್ರವನ್ನು ಮೊದಲ ಸಲ ನೋಡಿದೆ. ಮುಖದ ಹಳದಿ ಪೆಸಿಫಿಕ್ಕಿನದಾಗಿರಲಿಲ್ಲ. ವೇಷದವರು ಮುಖಕ್ಕೆ ಬಳಿದುಕೊಳ್ಳುವ ಅರದಾಳದ ಹಳದಿ. ಚಿಕ್ಕಂದಿನಲ್ಲಿ ನಮ್ಮ ಗದ್ದೆಯ ಆಚೆ ನೆರೆಮನೆಯವರ ಭೂತಕೋಲ ಆಗುತ್ತಿತ್ತು. ಅಪ್ಪ ಕೂಗಿ ಕರೆಯುವವರೆಗೂ ನಾನು ಬದುವಿನಲ್ಲಿ ಕುಳಿತು ನೋಡುತ್ತಿದ್ದೆ. ತಲೆ ಅದನ್ನು ಬಿಟ್ಟಿತ್ತು; ಕೈ ಬಿಟ್ಟಿರಲಿಲ್ಲ ಎಂದು ಕಾಣುತ್ತದೆ.

ಆದರೂ ಸತ್ಯ ಹೇಳುವುದು ಧರ್ಮವೆಂದು ನಾನು ಗಂಟಲು ಸರಿಮಾಡಿಕೊಂಡೆ. “ಅಕ್ಕ, ಇದು ದೈವ ಅಲ್ಲ. ಬೇರೆ ಸಮುದ್ರದ್ದು. ಬಾರಿನಲ್ಲಿ ಶೋಕಿಗೆ ಇಡುವುದು.”

“ಬಾರಿನಲ್ಲಿ ಇಟ್ರೆ ಎಂತ? ನಮ್ಮಲ್ಲಿ ಕಳ್ಳು ಇಡುವುದಿಲ್ವಾ?”

ನಾನು ಚಪ್ಪಲಿ ಸ್ಟ್ಯಾಂಡನ್ನು ಕಾಲಿನಿಂದ ಮೆಲ್ಲಗೆ ಆಚೆ ಸರಿಸಿದೆ.

“ಅದಿರಲಿ,” ಅಕ್ಕನ ದನಿ ತಗ್ಗಿತು. “ನಾನು ಹರಕೆ ಹೇಳಿಕೊಂಡಾಯ್ತು.”

“ಎಂತ ಹೇಳಿಕೊಂಡದ್ದು?”

“ದುಕ್ಮ್‌ನ ಕೆಲಸ ಈ ತಿಂಗಳಿಗೆ ಖಲಾಸ್ ಅಂತೆ. ಇವರನ್ನು ಮಸ್ಕತ್ತಿನ ವರ್ಕ್‌ಶಾಪಿಗೆ ಹಾಕಬಹುದು, ಇಲ್ಲದಿದ್ರೆ ವೀಸಾ ರದ್ದು, ಎಕ್ಸಿಟ್. ಎಕ್ಸಿಟ್ ಆದ್ರೆ ನಾವೂ ಹೊರಡಬೇಕು. ಮಗಳ ಪಬ್ಲಿಕ್ ಪರೀಕ್ಷೆ ಎಂತ ಮಾಡುವುದು? ಮಸ್ಕತ್ತಿಗೆ ಆದ್ರೆ ಒಂದು ಬೊಂಡ, ಒಂದು ಚೆಂಡು ಮಲ್ಲಿಗೆ ಕೊಡ್ತೇನೆ ಅಂತ ಹೇಳಿಕೊಂಡಿದ್ದೇನೆ.”

ಬೊಂಡ ಎಂದರೆ ಎಳನೀರು. ಅವರು ಹೇಳಿಕೊಂಡದ್ದು ಇನ್ನೊಂದು ವಾರದಲ್ಲಿ ಚೀಟಿಯ ಮೂಲಕ ಯಾರ ಪಾಲಾಗುತ್ತದೋ ಗೊತ್ತಿಲ್ಲದ ಪ್ಲೈವುಡ್ಡಿಗೆ. ನಾನು ಲಿಫ್ಟಿನಲ್ಲಿ ಇಳಿಯುವಾಗ ಬೆವರಿದ್ದೆ; ಏಸಿ ಚೆನ್ನಾಗಿಯೇ ಇತ್ತು.

ಒಂದು ಉಪಾಯ ಹೊಳೆಯಿತು. ಅಂಥದ್ದೇ ಇನ್ನೊಂದು ಬರೆದುಕೊಡುವುದು. ರಜೆ ಹಾಕಿ ಕುಳಿತು ಬರೆದೆ. ಹಲ್ಲು ಮೊದಲಿನದಕ್ಕಿಂತ ಚೆನ್ನಾಗಿ ಬಂದಿತ್ತು. ಅಕ್ಕ ಅದನ್ನು ಬಹಳ ಹೊತ್ತು ನೋಡಿದರು.

“ಲಾಯ್ಕ ಉಂಟು ಅಣ್ಣ. ಆದ್ರೆ ನಾನು ಹೇಳಿಕೊಂಡದ್ದು ಇದರ ಹತ್ರ ಅಲ್ಲ.”

ಹಾಗಾದರೆ ಹೊಸದನ್ನೇ ಸಭೆಗೆ ಕೊಟ್ಟು ಹಳೆಯದನ್ನು ಉಳಿಸಿಕೊಳ್ಳೋಣವೆಂದರೆ ನಿಯಮ ಅಡ್ಡ ಬಂತು. ಹೆಂಡತಿಯ ಮುಂದೆ ಈ ಧರ್ಮಸಂಕಟವನ್ನು ವಿಸ್ತಾರವಾಗಿ ಮಂಡಿಸಿದೆ. ಅವಳು ತೊಗರಿಬೇಳೆ ಆರಿಸುತ್ತಾ ಕೇಳಿದಳು.

“ಅಕ್ಕನಿಗೆ ಚಿತ್ರ ಎಲ್ಲಿಗೆ ಹೋಗ್ತದೆ ಅಂತ ಹೇಳಿದ್ದೀರಾ?”

“ಇಲ್ಲ.”

“ಸಭೆಯವರಿಗೆ ಹರಕೆಯ ವಿಷಯ ಹೇಳಿದ್ದೀರಾ?”

“ಇಲ್ಲ.”

“ಮತ್ತೆ ನನಗೆ ಯಾಕೆ ಹೇಳುವುದು? ಸಭೆಯ ದಿನ ಅಕ್ಕನನ್ನೂ ಊಟಕ್ಕೆ ಕರೆಯಿರಿ. ಕೋರಿ ರೊಟ್ಟಿ ಮಾಡ್ತೇನೆ.”

ಅಕ್ಕನಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. “ನಾನೂ ಬರ್ತೇನೆ. ಯಾರ ಕೈಗೆ ಹೋಗ್ತದೆ ನೋಡ್ಬೇಕು,” ಎಂದರು.

ಶುಕ್ರವಾರ ಸಭೆ ಸೇರಿತು. ತಂದದ್ದನ್ನೆಲ್ಲ ಸೋಫಾದ ಮೇಲೆ ಸಾಲಾಗಿ ಒರಗಿಸಿದ್ದೆವು. ಹೆಂಡತಿ ಆಲ್ತಾರಿಗೆ ಪರದೆ ಎಳೆದಿದ್ದಳು. ಮರ ಕೆತ್ತುವ ಫಿಲಿಪಿನೊ ನರ್ಸ್, ಲೋಟ ಸಂಗ್ರಹಿಸಿ ಬಣ್ಣ ಬಳಿಯುವ ವೃದ್ಧ ಎಂಜಿನಿಯರ್, ರುಸ್ತಾಕ್‌ನಲ್ಲಿ ಇಂಗ್ಲಿಷ್ ಕಲಿಸುವ ನ್ಯೂಜಿಲೆಂಡಿನ ಮೇಡಂ, ಎಲ್ಲರೂ ಒಬ್ಬರ ಬಣ್ಣವನ್ನು ಇನ್ನೊಬ್ಬರು ಮೆಚ್ಚುತ್ತಾ ಕುಳಿತರು. ಅಕ್ಕ ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ರಕ್ತಪರೀಕ್ಷೆಯ ರಿಪೋರ್ಟಿಗೆ ಕಾಯುವವರ ಹಾಗೆ.

ಚೀಟಿ ಎತ್ತಿದರು. ಹಳದಿ ಮುಖ ಮೇಡಂ ಪಾಲಾಯಿತು. ಅವರು ಖುಷಿಯಿಂದ ಚಪ್ಪಾಳೆ ತಟ್ಟಿದರು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

ನಾನು ಎದ್ದು ನಿಂತು, ನನ್ನ ಇಂಗ್ಲಿಷಿಗೆ ಎಷ್ಟು ಸಾಧ್ಯವೋ ಅಷ್ಟು ಗಾಂಭೀರ್ಯ ತಂದುಕೊಂಡು, ಎಲ್ಲವನ್ನೂ ಹೇಳಿದೆ: ದೈವ, ದುಕ್ಮ್, ಪರೀಕ್ಷೆ, ಎಳನೀರು. ಜನ ನಗುತ್ತಾರೆ ಎಂದು ಹೆದರಿದ್ದೆ. ಎಂಜಿನಿಯರ್ ಒಂದಿಷ್ಟು ನಕ್ಕರು, ನಂತರ ಮೇಡಂ ಮುಖ ನೋಡಿ ನಿಲ್ಲಿಸಿದರು.

ಮೇಡಂ ಹೇಳಿದ್ದು ಇಷ್ಟು: ಅವರ ತಾಯಿಯ ಕಡೆಯವರು ಆ ದ್ವೀಪಗಳವರೇ. ಈ ಮುಖಗಳು ಅವರಿಗೆ ವಂಶದ ಹಿರಿಯರು. ಅಜ್ಜಿ ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ಕೆತ್ತನೆಗೆ ಒಂದು ಮಾತು ಹೇಳಿ ಹೋಗುತ್ತಿದ್ದರು. ಜಗತ್ತಿನ ಬಾರುಗಳಲ್ಲಿ ಅವುಗಳನ್ನು ನೋಡಿ ನೋಡಿ ಬೇಸತ್ತು, ಅವುಗಳ ಮೇಲೊಂದು ಕಣ್ಣಿಡಲು ಬಣ್ಣ ಹಚ್ಚುವವರ ಜೊತೆಗೇ ಇದ್ದರೆ ಒಳ್ಳೆಯದು ಎನಿಸಿ ಈ ಗುಂಪಿಗೆ ಸೇರಿದ್ದರಂತೆ.

ನಮ್ಮೆಲ್ಲರ ಕೈಯಲ್ಲೂ ಹಿರಿಯರ ಮುಖದ ಲೋಟಗಳಿದ್ದವು; ಒಳಗೆ ಮಾವಿನಹಣ್ಣಿನ ಜ್ಯೂಸ್. ಕೆಳಗಿಡುವುದು ಮರ್ಯಾದೆಯೋ ಕುಡಿದು ಮುಗಿಸುವುದು ಮರ್ಯಾದೆಯೋ ತಿಳಿಯದೆ ನಾನು ಅದನ್ನು ಎದೆಮಟ್ಟದಲ್ಲಿ ಹಿಡಿದು ನಿಂತೆ.

“ದುಕ್ಮ್‌ನಿಂದ ಉತ್ತರ ಬರುವವರೆಗೆ ಚಿತ್ರ ಇಲ್ಲಿಯೇ ಇರಲಿ,” ಎಂದರು ಮೇಡಂ. ನಾನು ಅಕ್ಕನಿಗೆ ತಿಳಿಸಿದೆ.

ಅಕ್ಕ ತಲೆಯಾಡಿಸಿದರು. “ಬೇಡ. ಚೀಟಿ ಎತ್ತಿದ್ದು ಅವರು. ಎಲ್ಲಿಗೆ ಹೋಗಬೇಕು ಅಂತ ಅದಕ್ಕೆ ಗೊತ್ತುಂಟು. ದಕ್ಷಿಣಕ್ಕೆ ಮುಖ ಮಾಡಿ ಇಡಬೇಡಿ ಅಂತ ಹೇಳಿ. ಟಾಯ್ಲೆಟಿನ ಗೋಡೆಗೆ ಬೇಡವೇ ಬೇಡ.”

ಮೇಡಂ ಎರಡನ್ನೂ ಗಂಭೀರವಾಗಿ ಪುನರುಚ್ಚರಿಸಿದರು.

ತಿಂಗಳ ಕೊನೆಗೆ ದುಕ್ಮ್‌ನಿಂದ ಉತ್ತರ ಬಂತು. ಮಸ್ಕತ್ತಿಗೆ ಆಗಲಿಲ್ಲ. ಆದರೆ ಕ್ಯಾಂಪ್ ಬಿಚ್ಚಿ ಸಾಗಿಸುವ ಕೆಲಸಕ್ಕೆ ಕೆಲವರನ್ನು ಉಳಿಸಿಕೊಂಡರು. ವೀಸಾ ಕೊಡಿಸುವ ಸ್ಥಳೀಯ ಪ್ರಾಯೋಜಕ, ಅಂದರೆ ಕಫೀಲ್, ಸಹಿ ಹಾಕಿದ. ಹುಡುಗಿಯ ಪರೀಕ್ಷೆ ಮುಗಿಯುವವರೆಗೆ ವೀಸಾ. ಅದು ಮುಗಿದ ಮೇಲೆ ಮೂವರೂ ಊರಿಗೆ.

ಈಗ ಹರಕೆಯ ಗತಿಯೇನು? ಮಸ್ಕತ್ತಿಗೆ ಆದರೆ ಎಂದು ಹೇಳಿಕೊಂಡದ್ದು, ಮಸ್ಕತ್ತಿಗೆ ಆಗಿಲ್ಲ. ಕರಾರಿನ ಪ್ರಕಾರ ಎಳನೀರು ಕೊಡಬೇಕಾಗಿಲ್ಲ ಎಂದು ನಾನು ವಕೀಲನಂತೆ ವಾದಿಸಿದೆ.

“ಕೇಳಿದ್ದು ಕೊಡಲಿಲ್ಲ, ಸರಿ,” ಎಂದರು ಅಕ್ಕ. ಅವರ ಕಣ್ಣು ಕೆಂಪಾಗಿತ್ತು. “ಕೊಟ್ಟದ್ದನ್ನು ಇಲ್ಲ ಅನ್ನಲಿಕ್ಕೆ ಆಗ್ತದಾ? ನೀವು ಕಾರು ತೆಗೀರಿ.”

ಅವರ ಗಂಡ ಬಂದ ಶುಕ್ರವಾರ ರುಸ್ತಾಕ್‌ಗೆ ಹೊರಟೆವು. ಮಗಳು ಓದಿಕೊಳ್ಳುತ್ತಾ ನನ್ನ ಹೆಂಡತಿಯ ಜೊತೆ ಉಳಿದಳು. ಸಲಾಲಾದ ತೆಂಗಿನ ತೋಟದಿಂದ ಬಂದ ಬೊಂಡ ಅಕ್ಕನ ಮಡಿಲಲ್ಲಿ, ಊರಿನಿಂದ ವಿಮಾನದಲ್ಲಿ ಬಂದ ಮಲ್ಲಿಗೆ ಏಸಿಯ ಮುಂದೆ. ಗಂಡ ಮುಂದಿನ ಸೀಟಿನಲ್ಲಿ ದಾರಿಯುದ್ದಕ್ಕೂ ನನ್ನನ್ನು ವಿಚಾರಿಸಿಕೊಂಡರು.

“ಅಲ್ಲ ಮಾರಾಯ್ರೆ, ನೀವು ಬರೆದದ್ದು ಯಾವ ಭೂತ?”

“ಭೂತ ಅಲ್ಲ, ಟಿಕಿ.”

“ಪ್ಲೈವುಡ್ಡಾ?”

“ಹನ್ನೆರಡು ಎಂ.ಎಂ.”

“ಒಳ್ಳೆ ಗ್ರೇಡಾ?”

“ಪೆಟ್ಟಿಗೆಯದ್ದು.”

“ಪೆಟ್ಟಿಗೆ ಪ್ಲೈವುಡ್ಡಿಗೆ ಹರಕೆ,” ಎಂದು ಅವರು ಕಿಟಕಿಯ ಹೊರಗಿನ ಬೋಳು ಬೆಟ್ಟಗಳಿಗೆ ವರದಿ ಒಪ್ಪಿಸಿದರು. “ಇವಳಿಗೆ ನೀವೊಬ್ಬರು ಸಿಕ್ಕಿದ್ದು.”

ಹಿಂದಿನ ಸೀಟಿನಿಂದ ಬಂತು: “ಕೇಳಿಸ್ತಾ ಉಂಟು.”

ಮೇಡಂ ಮನೆಯಲ್ಲಿ ಚಿತ್ರ ಪೂರ್ವಕ್ಕೆ ಮುಖ ಮಾಡಿ ಇತ್ತು, ಟಾಯ್ಲೆಟು ದೂರ. ಅಕ್ಕ ಒಂದು ಸ್ಟೂಲ್ ಕೇಳಿ ತೆಗೆದುಕೊಂಡು ಬೊಂಡ ಇಟ್ಟರು, ಮಲ್ಲಿಗೆ ಇಟ್ಟರು, ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು. ಗಂಡ ಕೈ ಕಟ್ಟಿಕೊಂಡು ಗೋಡೆಗೆ ಒರಗಿದ್ದರು. ಆಮೇಲೆ ಮುಂದೆ ಬಂದು, ಚಿತ್ರದ ಒಂದು ಮೂಲೆಯನ್ನು ಬೆರಳಿನಿಂದ ಕೂದಲೆಳೆಯಷ್ಟು ಎತ್ತಿ ಮಟ್ಟ ಮಾಡಿದರು. ಕೈ ಅಲ್ಲೇ ಇಟ್ಟುಕೊಂಡು ತುಳುವಿನಲ್ಲಿ ಏನೋ ಹೇಳಿದರು. ನನಗೆ ಕೇಳಿಸಿತು. ಅದು ಮಗಳ ವಿಷಯ. ನಾನು ಇಲ್ಲಿ ಬರೆಯುವುದಿಲ್ಲ.

ಬೊಂಡವನ್ನು ಕೆತ್ತಿ ಎಲ್ಲರೂ ಒಂದೊಂದು ಗುಟುಕು ಕುಡಿದೆವು. ಹೊರಡುವಾಗ ಅಕ್ಕ ಮೇಡಂ ಕೈ ಹಿಡಿದು, ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ ಶುರುಮಾಡಿ, ಸಾಲದೆ ನನ್ನ ಕಡೆ ತಿರುಗಿದರು.

“ನಾವು ಹೋದ ಮೇಲೆ ಆಗಾಗ ಅದಕ್ಕೆ ಒಂದು ಮಾತು ಹೇಳ್ಬೇಕು ಅಂತ ಹೇಳಿ, ಅಣ್ಣ. ಇಷ್ಟೇ, ಅವರು ಚೆನ್ನಾಗಿದ್ದಾರೆ ಅಂತ.”

ನಾನು ಹೇಳಿದೆ. ಮೇಡಂ ಒಪ್ಪಿದರು, ಆದರೆ ಯಾವ ಭಾಷೆಯಲ್ಲಿ ಎಂದು ಕೇಳಿದರು. ಪೆಸಿಫಿಕ್ಕಿನ ಮುಖ, ಮಸ್ಕತ್ತಿನ ಬಣ್ಣ, ಕೊಂಕಣಿಯವನ ಕೈ. ಈ ಕಠಿಣ ಪ್ರಶ್ನೆಯನ್ನು ನಾನು ಇತ್ಯರ್ಥಮಾಡುವ ಮೊದಲೇ ಗಂಡ ಮುಂದೆ ಬಂದರು.

“ತುಳುವಿನಲ್ಲಿ. ಮತ್ತೆ ಯಾವುದರಲ್ಲಿ?” ಎಂದು ನನ್ನತ್ತ ನೋಡಿ, ಮೇಡಂ ಕಡೆ ತಿರುಗಿ ನಿಧಾನವಾಗಿ ಹೇಳಿಕೊಟ್ಟರು: “ಆಕುಲು ಸೌಖ್ಯ ಉಲ್ಲೆರ್.”

ಮೇಡಂ ಹೇಳಿದರು. ಕೊನೆಯ ಪದದಲ್ಲಿ ನಾಲಿಗೆ ಜಾರಿತು.

“ನೋ, ನೋ,” ಎಂದರು ಗಂಡ, ಕ್ರೇನಿನ ಡ್ರೈವರನಿಗೆ ಸಿಗ್ನಲ್ ಕೊಡುವವರಂತೆ ಅಂಗೈ ಎತ್ತಿ. “ಸ್ಲೋ. ಉಲ್ಲೆರ್. ಅಗೈನ್.”